ಠಕ್ ಅನ್ನದ ಸಾಲು

ಬಾಗಿಲು ಮುಂದಕ್ಕೆ ಮಾಡಿ, ಚಿಲಕ ಮಾತ್ರ ಬೇಡ. ಇದು ನಮ್ಮ ಹಿಂದಿನ ಓಣಿಯ ಹಂಪಯ್ಯನವರಿಗೆ ಆದದ್ದು. ಎಲ್ಲೋ ಓದಿದ್ದಲ್ಲ, ಯಾರೋ ಕಟ್ಟಿದ್ದೂ ಅಲ್ಲ.

ಅವತ್ತು ರಾತ್ರಿ ಹೊಸಪೇಟೆ ಬಸ್ ಸ್ಟ್ಯಾಂಡ್ ಕಡೆಯಿಂದ ಹಂಪಯ್ಯ ಒಬ್ಬರೇ ನಡೆದು ಬರುತ್ತಿದ್ದರು. ಆಟೋ ಸಿಕ್ಕಿತ್ತು, ಹತ್ತಲಿಲ್ಲ. ಕಂಕುಳಲ್ಲಿ ಒಂದು ಕಾಗದದ ಸುರುಳಿ. ಮನೆ ಸೇರುವ ಮುಂಚೆ ಅದನ್ನು ಕಾಲುವೆ ಪಕ್ಕದ ಹಾಳುಬಾವಿಗೆ ಹರಿದು ಹಾಕಬೇಕು... ತಲೆಯಲ್ಲಿ ಅದೊಂದೇ. ಅರವತ್ತೈದು ದಾಟಿದ ಮನುಷ್ಯ, ಎಂದೋ ಸತ್ತುಹೋದ ಗೆಳೆಯನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು. ನಗಬೇಡಿ. ನಿಮ್ಮ ಮನೆಯಲ್ಲಿ ಆಗಿದ್ದರೆ ಗೊತ್ತಾಗುತ್ತಿತ್ತು.

ಸಂಗತಿ ಇಷ್ಟು. ಪ್ರಾಯದಲ್ಲಿ ಹಂಪಯ್ಯ ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಗುಮಾಸ್ತರು. ಅಲ್ಲಿನ ಕಂಪ್ಯೂಟರ್ ಕೋಣೆಯಲ್ಲಿ ದೊಡ್ಡ ಪ್ರಿಂಟರ್ ನೋಡಿಕೊಳ್ಳುತ್ತಿದ್ದವನು ಕಂಪ್ಲಿಯ ಜಂಬುನಾಥ. ಆ ಕಾಲದ ಪ್ರಿಂಟರಿಗೆ ಚಿತ್ರ ಎಲ್ಲಿ ಬರಬೇಕು? ಬರೀ ಇಂಗ್ಲಿಷ್ ಅಕ್ಷರ. ಜಂಬುನಾಥ ಆ ಅಕ್ಷರಗಳಲ್ಲೇ ಚಿತ್ರ ಬಿಡಿಸುತ್ತಿದ್ದ. ತಿಳಿ ಇರುವ ಕಡೆ ಚುಕ್ಕಿ, ಗಾಢ ಇರುವ ಕಡೆ ಎಂ ಅಕ್ಷರ. ಕಡುಗಪ್ಪು ಬೇಕೆಂದರೆ ಕಾಗದ ಸರಿಸದೆ ಒಂದೇ ಸಾಲಿನ ಮೇಲೆ ಎರಡು ಮೂರು ಸಲ ಹೊಡೆಸುವುದು. ಝರ್ರ್... ಝರ್ರ್... ಆಮೇಲೆ ಠಕ್ ಅಂತ ಕಾಗದ ಒಂದು ಸಾಲು ಮೇಲೆ. ಹತ್ತಿರದಿಂದ ನೋಡಿದರೆ ಅಕ್ಷರದ ಕಸ, ದೂರ ನಿಂತರೆ ಗಣಪತಿ, ಆನೆ, ಅದಿರಿನ ಲಾರಿ. ಮದುವೆಯಿಲ್ಲ ಮಕ್ಕಳಿಲ್ಲ, ಸಣ್ಣ ವಯಸ್ಸಿಗೇ ಕಾಮಾಲೆಯಾಗಿ ಸತ್ತ.

ಮೊನ್ನೆ ಮೊನ್ನೆ ಅವನ ಅಕ್ಕ ವಿರುಪಮ್ಮ ಟ್ರಂಕು ಖಾಲಿ ಮಾಡಿ, ಸಿಕ್ಕ ಹಾಳೆಗಳ ಕಟ್ಟನ್ನು ಹಂಪಯ್ಯನವರಿಗೆ ಕೊಟ್ಟಳು. ಹಂಪಯ್ಯನವರ ಮಗಳು ಭವ್ಯಳದು ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡುವ ಅಂಗಡಿ. ಹಂಪಿಯ ಗೆಸ್ಟ್ ಹೌಸಿನವರೊಬ್ಬರು ಗೋಡೆಗೆ ಇಂಥವೇ ಬೇಕು ಅಂದಿದ್ದರು. ಅವಳು ಹಾಳೆ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರದ ಜಾಗಕ್ಕೆ ಒಂದೊಂದು ಬೂದು ಚೌಕ ಕೂಡಿಸಿ, ಕಂಪ್ಯೂಟರಿನಲ್ಲಿ ಚಿತ್ರ ಮಾಡುತ್ತಿದ್ದಳು. ಅವತ್ತು ಸಂಜೆಯ ಕೊನೆಯ ಹಾಳೆ ಒಬ್ಬ ಹೆಂಗಸಿನ ಮುಖ. ಪರದೆಯ ಮೇಲೆ ಬಂದಾಗ ಮಂಗನಬಾವು ಆದವರ ಹಾಗೆ ಕೆನ್ನೆ ಅಗಲ. ಅಪ್ಪ ಮಗಳು ಬಿದ್ದು ಬಿದ್ದು ನಕ್ಕರು.

"ಅಕ್ಷರ ಉದ್ದಕ ಇರ್ತಾವಲ್ಲಪಾ, ನಾ ಚೌಕ ಮಾಡೀನಿ. ತಡಿ, ಮ್ಯಾಲಕ್ಕ ಎಳೀತೀನಿ."

ಎಳೆದಳು. ಮುಖ ಸರಿಯಾಯಿತು. ನಗು ನಿಂತಿತು.

"ಅಪ್ಪಾ... ಇದು ಅವ್ವ ಅಲ್ಲೇನು?"

ಬಸಕ್ಕ. ಮದುವೆಯಾಗಿ ಸಂಡೂರಿಗೆ ಬಂದ ಹೊಸತರ ಬಸಕ್ಕ. ತುಟಿ ಒಂದೇ ಬದಿಗೆ ಏರುವ ಆ ನಗು... ಹಂಪಯ್ಯನವರೇ ಅದನ್ನು ಮರೆತಿದ್ದರು. ಜಂಬುನಾಥ ವಾರಕ್ಕೊಮ್ಮೆ ಅವರ ಮನೆಗೆ ಊಟಕ್ಕೆ ಬರುತ್ತಿದ್ದ. ತಲೆ ಎತ್ತದೆ ಉಂಡು ಹೋಗುತ್ತಿದ್ದ. ತಲೆ ಎತ್ತದವನು ಇದನ್ನೆಲ್ಲ ಯಾವಾಗ ನೋಡಿದ? ಇವಳು ಅವನ ಮುಂದೆ ಯಾವಾಗ ಹೀಗೆ ನಕ್ಕಳು? ಮಗಳು ಕರೆಯುತ್ತಿದ್ದರೂ ಹಂಪಯ್ಯ ಹಾಳೆ ಸುತ್ತಿಕೊಂಡು ಎದ್ದುಬಿಟ್ಟರು.

ಬಾವಿ ಬಂತು. ಕಾಲುವೆ ನೀರು ಗುಳುಗುಳು ಅನ್ನುತ್ತಿತ್ತು. ತೋರಣಗಲ್ಲಿನ ಕಾರ್ಖಾನೆಯಿಂದ ಪಾಳಿ ಮುಗಿಸಿದವರ ಬಸ್ಸೊಂದು ದೂರದಲ್ಲಿ ಗೊರ್ರೆಂದು ಹೋಯಿತು. ಆಮೇಲೆ ಏನೂ ಇಲ್ಲ. ಕಪ್ಪೆಗಳೂ ಸುಮ್ಮನಾದವು.

ಹಾಳೆ ಬಿಚ್ಚಿ ಎರಡು ಕೈಯಲ್ಲಿ ಹಿಡಿದರು. ಇನ್ನೇನು ಹರಿಯಬೇಕು...

ಝರ್ರ್...

ಬಾವಿಯೊಳಗಿಂದ. ಹಂಪಯ್ಯನವರ ಕೈ ಅಲ್ಲೇ ನಿಂತಿತು. ವರ್ಷಗಟ್ಟಲೆ ಕೇಳಿದ ಸದ್ದು, ತಪ್ಪುವ ಮಾತೇ ಇಲ್ಲ.

ಝರ್ರ್... ಝರ್ರ್...

ಮೂರು ಸಲ. ಒಂದೇ ಸಾಲಿನ ಮೇಲೆ. ಠಕ್ ಅನ್ನಲಿಲ್ಲ. ಗಾಳಿ ಇರಲಿಲ್ಲ, ಆದರೂ ಕೈಯಲ್ಲಿದ್ದ ಹಾಳೆ ಸಣ್ಣಗೆ ನಡುಗುತ್ತಿತ್ತು.

"ಅಣ್ಣಾ..." ಪಿಸುದನಿ. ಕಿವಿಯ ಹತ್ತಿರ. "ಹರೀಬ್ಯಾಡ್ರಿ... ಇನ್ನಾ ಮುಗದಿಲ್ಲ."

ಬೇರೆಯವರಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರು. ಹಂಪಯ್ಯನವರಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ಏನ್ ಮುಗದಿಲ್ಲಲೇ? ಆಕಿ ನನ್ನ ಹೇಣ್ತಿ!"

"ಹೌದ್ರಿ..." ಅಂದಿತು ಅದು. ಆಮೇಲೆ ಇನ್ನೂ ಮೆಲ್ಲಗೆ, "ನೀವು ನೋಡಂಗಿಲ್ಲಲ್ರಿ..."

ಮೊಬೈಲ್ ಟಾರ್ಚ್ ಹಚ್ಚಿದರು. ಹಾಳೆಯ ಮುಖದಲ್ಲಿ, ಎಡಗಣ್ಣಿನ ಕೆಳಗೆ, ಸಂಜೆಯವರೆಗೆ ಬಿಳಿ ಇದ್ದ ಕಡೆ ಎಂ ಮೇಲೆ ಎಂ ಕೂತಿತ್ತು. ಕಡುಗಪ್ಪು. ಹೆಬ್ಬೆರಳಿಟ್ಟು ನೋಡಿದರು. ಮಸಿ ಹಸಿಯಿತ್ತು, ಬೆರಳಿಗೆ ಅಂಟಿತು.

ಮನೆಗೆ ಹೇಗೆ ಬಂದರೋ ಅವರಿಗೇ ಗೊತ್ತಿಲ್ಲ. ಬಸಕ್ಕ ಬಾಗಿಲು ತೆಗೆದರು. ಹಂಪಯ್ಯ ಒಳಗೆ ಕಾಲಿಡುವ ಮುಂಚೆಯೇ ಹೆಂಡತಿಯ ಗದ್ದ ಹಿಡಿದು ಬಲ್ಬಿನ ಕಡೆ ತಿರುಗಿಸಿದರು. ಎಡಗಣ್ಣಿನ ಕೆಳಗೆ, ಕಡಲೆಕಾಳಿನಷ್ಟು ಕಪ್ಪು ಕಲೆ.

"ಇದು... ಯಾವಾಗ ಆತು?"

"ಶ್ರಾವಣದಾಗ. ಮಿರ್ಚಿ ಕರಿಯಾಗ ಎಣ್ಣಿ ಸಿಡೀತು." ಬಸಕ್ಕ ಮುಖ ಬಿಡಿಸಿಕೊಂಡರು. "ದಸರಾ ಮುಗೀತು. ಈಗ ಕಂಡ್ತೇನು ನಿಮಗ?"

ಜಂಬುನಾಥನ ಮಾತು ಬಾಯಿಯವರೆಗೆ ಬಂದಿತ್ತು. ಹಂಪಯ್ಯ ನುಂಗಿಕೊಂಡರು. ಹೆಂಡತಿಯ ಮುಖದ ಗಾಯ ತಮಗೆ ಕಂಡಿಲ್ಲ, ಸತ್ತವನಿಗೆ ಕಂಡಿದೆ. ಇನ್ನು ಯಾವ ಬಾಯಲ್ಲಿ ಕೇಳುವುದು?

ಹಾಳೆಯನ್ನು ಹರಿಯಲಿಲ್ಲ. ಹರಿದರೆ ಅವನು ಗೆದ್ದಂತೆ ಅನ್ನಿಸಿತಂತೆ. ಅವತ್ತಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಮುಖ ನೋಡುತ್ತಾರೆ. ಹುಬ್ಬಿನಲ್ಲಿ ಒಂದು ಕೂದಲು ಬೆಳ್ಳಗಾದರೂ ಅವನಿಗಿಂತ ಮೊದಲು ತಮಗೆ ಕಾಣಬೇಕು, ಹಟ ಅಂದರೆ ಹಟ. "ಏನಾಗೈತಿ ನಿಮಗ, ಹೊಸ ಮದಲಿಂಗನಂಗ?" ಅಂತ ಬಸಕ್ಕ ಬೈಯುತ್ತಾರೆ. ಬೈಯುವಾಗ ತುಟಿ ಒಂದೇ ಬದಿಗೆ ಏರುತ್ತದೆ.

ಕಳೆದ ವಾರ ಹಂಪಯ್ಯ ಆ ಹಾಳೆಯನ್ನು ಮತ್ತೆ ಅಂಗಡಿಗೆ ಒಯ್ದರು. ಇನ್ನೇನು ಬರೆದಿದ್ದಾನೋ ನೋಡಬೇಕಿತ್ತು. ಭವ್ಯ ಮತ್ತೆ ಸ್ಕ್ಯಾನ್ ಮಾಡಿ, ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟಳು. ಹೊಸದರಲ್ಲಿ ಕಣ್ಣ ಕೆಳಗಿನ ಕಲೆ ಇತ್ತು. ಹಳೆಯದರಲ್ಲಿ ಹಣೆಯ ಮೇಲೆ ಕುಂಕುಮ ದುಂಡಗೆ, ಕಪ್ಪಗೆ ಎದ್ದು ಕಾಣುತ್ತಿತ್ತು. ಹೊಸದರಲ್ಲಿ ಆ ಜಾಗ ಬಿಳಿ. ಹಾಳೆಯನ್ನೇ ಎತ್ತಿ ನೋಡಿದರು... ಹಣೆಯ ಆ ಜಾಗದಲ್ಲಿ ಒಂದು ಅಕ್ಷರವೂ ಇರಲಿಲ್ಲ.

"ನೋಡ್ದೇನವ್ವಾ ಅವನ ಹೊಟ್ಟಿಕಿಚ್ಚು?" ಅಂದರು ಹಂಪಯ್ಯ, ಸಿಟ್ಟಿನಿಂದ ಹಲ್ಲು ಕಡಿಯುತ್ತಾ. "ಎಲ್ಲಾ ಬಿಟ್ಟು ನನ್ನ ಗುರುತೊಂದ ಅಳಿಸ್ಯಾನ!"

ಭವ್ಯ ಅಪ್ಪನ ಮುಖವನ್ನೇ ನೋಡುತ್ತಾ ಕೂತಳು.

ಎರಡೂ ಚಿತ್ರ ನನಗೆ ತೋರಿಸಿದವಳು ಅವಳೇ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ಇವತ್ತು ಸಂಜೆಯೂ ಮಜ್ಜಿಗೆ ಕೇಳುವ ನೆಪದಲ್ಲಿ ಅವರ ಮನೆಗೆ ಹೋಗಿ ಬಂದೆ. ಬಸಕ್ಕನವರ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು.