ಇಡಿಯಾಗಿ ನೋಡಬೇಕಾದ ದಿವಾನಖಾನೆ

ದೊರ್ಕಾ ಮೇಡಂ ಅವರ ಪತಿ ವಿಲಿಯಂ ಸರ್, ಮಗಳು ಶೀಬಾ, ನಮ್ಮ ಕಾಲೇಜಿನ ಬಳಗದವರೇ, ಹಲಬರ್ಗಾದಿಂದ ಬಂದ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಸಭೆಗೆ ತಮ್ಮ ದಿವಾನಖಾನೆಯನ್ನೇ ಬಿಟ್ಟುಕೊಟ್ಟ ಮಹಮೂದಾ ಬೇಗಂ ಅವರಿಗೂ, ಅವರ ಮಕ್ಕಳಾದ ಖಾಲಿದ, ಫಿರೋಜ ಅವರಿಗೂ ಸಲಾಂ.

ದೊರ್ಕಾ ಮೇಡಂ ಇಲ್ಲ — ಈ ಮಾತು ಬಾಯಿಗೆ ಬರುತ್ತಿಲ್ಲ. ಇತಿಹಾಸ ವಿಭಾಗದಲ್ಲಿ ಅವರ ಕುರ್ಚಿ ನನ್ನ ಪಕ್ಕದ್ದು. ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಛತ್ತನ್ನು — ಹೀಗೆ, ಕತ್ತೆತ್ತಿ. ಮನೆಯವರು ಪಾಪ, ಚಹಾ ಹಿಡಿದು ನಿಂತಿರುತ್ತಿದ್ದರು! ನಾನು ಕೆಮ್ಮಬೇಕಾಗುತ್ತಿತ್ತು.

ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ನೀವೂ ನೋಡಿ — ಅಲ್ಲಿ ಮೊಘಲ್ ಮಾದರಿಯ ಕಮಾನು, ಇಲ್ಲಿ ಮರಾಠಾ ವಾಡೆಗಳಲ್ಲಿರುವಂಥ ಸಾಗವಾನಿ ಕಂಬ, ಆ ಮೂಲೆಯಲ್ಲಿ ಚಳಿ ಕಾಯಿಸಿಕೊಳ್ಳಲು ಇಂಗ್ಲಿಷರು ಗೋಡೆಯೊಳಗೆ ಮಾಡುವಂಥ ಬೆಂಕಿಗೂಡು. ಅದರಲ್ಲಿ ಈ ಮನೆಯವರು ನೀರಿನ ಕೊಡ ಇಡುತ್ತಾರೆ. ಒಮ್ಮೆ ನಮ್ಮ ವಿದ್ಯಾರ್ಥಿನಿ ಪ್ರಣಾಲಿ ನಕ್ಕುಬಿಟ್ಟಳು: "ಮೇಡಂ, ಬೀದರದ ಬಿಸಲಾಗ ಬೆಂಕಿಗೂಡು ಯಾಕ್ರಿ?"

"ನಿಮ್ಮ ಮನಿ ಶೋಕೇಸಿನ ಕಪ್ಪಿನ್ಯಾಗ ಯಾವತ್ತರ ಚಾ ಕುಡದೀಯೇನವಾ? ಇದೂ ಹಂಗ ಅದ. ಆ ಕಾಲದವರಿಗಿ ಊರಿಂದೂ ಬೇಕು, ವಿಲಾಯ್ತಿದೂ ಬೇಕು. ಎಲ್ಲಾ ತಂದು ಒಂದೇ ಖೋಲ್ಯಾಗ ಕೂಡಿಸಿದ್ರು. ಹತ್ತೊಂಬತ್ತನೇ ಶತಮಾನ ತಿಳೀಬೇಕಂದ್ರ ಖೋಲಿ ಇಡಿಯಾಗಿ ನೋಡಬೇಕು."

ಕಳೆದ ಬೇಸಿಗೆಯಲ್ಲಿ ಈ ಮನೆ ಅಣ್ಣತಮ್ಮಂದಿರ ನಡುವೆ ಪಾಲಾಯಿತು. ಇದೇ ಕೋಣೆಯ ನಡುವೆ ಗೋಡೆ ಎಂದು ತೀರ್ಮಾನವಾಯಿತು. ಸುದ್ದಿ ಕೇಳಿ ಮೇಡಂ ಓಡಿ ಬಂದರು. "ಪಾಲು ಮಾಡ್ಕೋರಿ, ಬ್ಯಾಡನ್ನಲಿಕ್ಕಿ ನಾ ಯಾರು? ಆದ್ರ ಇದೊಂದು ಖೋಲಿ ಇಬ್ಬರದೂ ಇರಲಿರಿ."

ಖಾಲಿದ ಭಾಯಿ ಸಿಟ್ಟಿಗೆದ್ದರು. "ಇದು ಘರ್ ಕಾ ಮಾಮಲಾ ಅದರಿ ಮೇಡಂ. ನೀವು ನಡುವ ಬರಬ್ಯಾಡ್ರಿ." — ಇದನ್ನು ಸಭೆಯಲ್ಲಿ ಹೇಳು ಎಂದು ಖಾಲಿದ ಭಾಯಿಯೇ ನನಗೆ ಹೇಳಿದ್ದಾರೆ. ಮೇಡಂ ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.

ಆಮೇಲೆ ಕಾಯಿಲೆ, ಆಸ್ಪತ್ರೆ. ನಾನು ಹೋದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ — "ಗ್ವಾಡಿ ಎಲ್ಲೀತನಕ ಬಂತ್ರಿ?" ನಾನು ಮಾತು ಬದಲಿಸುತ್ತಿದ್ದೆ. ಗೋಡೆ ಮೊಣಕಾಲೆತ್ತರ ಬಂದಿತ್ತು.

ಮೊನ್ನೆ ಮೇಡಂ ತೀರಿಕೊಂಡರು. ಸಭೆಗೆ ಜಾಗ ಹುಡುಕುವಾಗ ಅಣ್ಣತಮ್ಮ ಇಬ್ಬರೂ ಬಂದು, "ನಮ್ಮ ಮನ್ಯಾಗೇ ಮಾಡ್ರಿ" ಅಂದರು. ಕುರ್ಚಿ ಹಾಕಲು ಗೋಡೆ ಅಡ್ಡ ಬಂತು. ಇವತ್ತು ಬೆಳಿಗ್ಗೆ ಇಬ್ಬರೂ ಸೇರಿ ಅದನ್ನು ಕಿತ್ತಿದ್ದಾರೆ. ಮೇಡಂ ಇದನ್ನು ನೋಡಲಿಲ್ಲ. ಅದೇ ನನ್ನ ಸಂಕಟ — ನೋಡಲಿಲ್ಲವಲ್ಲ! ನಾಳೆ ಮತ್ತೆ ಕಟ್ಟುತ್ತೀರೋ ಏನೋ, ಇಂದು ನಾನು ಕೇಳುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲೋಣ. ಖಾಲಿದ ಭಾಯಿ, ಫಿರೋಜ ಭಾಯಿ — ಆ ಕಡೆಗೊಬ್ಬರು ಈ ಕಡೆಗೊಬ್ಬರು ಬೇಡ. ನಡುವೆ ಬನ್ನಿ. ಇಟ್ಟಿಗೆ ಇದ್ದ ಜಾಗದಲ್ಲೇ — ಹಾಂ, ಅಲ್ಲೇ. ಎರಡು ನಿಮಿಷ, ಮೇಡಂಗಾಗಿ, ಮಾತಿಲ್ಲದೆ.