ಕಸ್ತೂರೆವ್ವನ ಫೋನು

ಯಂಕಂಚಿಯ ಪಾಚಿಗಟ್ಟಿದ ಹಳೇ ಬಾವಿಯ ದಾರಿಯಲ್ಲಿ ಸರಿರಾತ್ರಿ ಯಾರೂ ಓಡಾಡುವುದಿಲ್ಲ. ಅವತ್ತು ನಮ್ಮ ಸಂಗು ಬರುತ್ತಿದ್ದ... ಒಬ್ಬನೇ. ಸಂಗು ಅಂದರೆ ನನ್ನ ಸೋದರತ್ತೆಯ ಮಗ, ಸಿಂದಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ಹಿಂದೆ ಭಜನೆಯ ತಾಳ... ಕಿಣಿ ಕಿಣಿ... ಸಣ್ಣಗಾಗುತ್ತಿತ್ತು. ಅವನು ಮಾಡಿ ಬಂದ ಕೆಲಸ ಹೇಳಲು ನನಗೆ ಇವತ್ತಿಗೂ ಹೇಸಿಗೆ.

ಅವತ್ತು ಊರಿನ ಮುದುಕಿ ಕಸ್ತೂರೆವ್ವ ತೀರಿಕೊಂಡಿದ್ದಳು. ಪದ್ಧತಿಯಂತೆ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡ್ರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಅಂಗಳದಲ್ಲಿ ಭಜನೆ. ಒಳಗೆ ಮಗ ಬಸವಂತರಾಯ ಅವ್ವನ ತಣ್ಣನೆಯ ಹೆಬ್ಬೆರಳು ಹಿಡಿದು ಫೋನಿಗೆ ಒತ್ತುತ್ತಿದ್ದ. ಸತ್ತ ಬೆರಳಿಗೆ ಫೋನು ಎಲ್ಲಿ ತೆರೆಯುತ್ತದೆ? ಎಂಜಲು ಹಚ್ಚಿ, ಒರೆಸಿ, ಮತ್ತೆ ಒತ್ತಿದ. ಥೂ!

"ಮುಂಜಾನಿ ಇಂಡಿ ಊರಿಂದ ತಂಗಿ ರಾಜಶ್ರೀ ಬರ್ತಾಳ," ಎಂದು ತಾನು ಕರೆಸಿದ್ದ ಸಂಗುವಿನ ಕಿವಿಯಲ್ಲಿ ಪಿಸುಗುಟ್ಟಿದ. "ಮುದುಕಿ ಇದರಾಗ ಏನೇನೋ ರೆಕಾರ್ಡ್ ಮಾಡಿಟ್ಟಾಳ. ಅಕಿ ಕೇಳೂದ್ರಾಗ ಅಳಿಸು."

"ಫೋನ ಒಡದ ಒಗೀರಲ್ಲ, ಅಣ್ಣಾರ."

"ಫೋನ್ ಕೊಡಿಸಿದಾಕಿನ ಅಕಿ. ಎಲ್ಲೈತಿ ಅಂತ ಮೊದಲ ಕೇಳ್ತಾಳ."

ದೊಡ್ಡವರ ಮಾತು ಮೀರುವ ಎದೆ ಸಂಗುವಿಗಿಲ್ಲ. ಕೇಬಲ್ ಚುಚ್ಚಿದ. ಪರದೆಯ ಮೇಲಿನ ಬೀಗ ನಮ್ಮಂಥವರಿಗೆ. ಫೋನು ಮಾಡಿದವರು ತಮ್ಮ ಬಳಕೆಗೆಂದೇ ಒಳಗೊಂದು ದಾರಿ ಇಟ್ಟಿರುತ್ತಾರೆ, ಹೊರಗಿನವರಿಗೆ ಹೇಳುವುದಿಲ್ಲ. ಅದನ್ನು ಇವನು ಹುಡುಕಿಕೊಂಡಿದ್ದ. ಪ್ರತಿ ಆ್ಯಪಿಗೂ ಒಂದು ಒಳಹೆಸರು. ಇವನು ಬರೆದ ಪ್ರೋಗ್ರಾಂ ಆ ಹೆಸರು ಹಿಡಿದು ಕರೆದರೆ ಸಾಕು, ಬೆರಳು ತಾಗದೆ ಆ್ಯಪು ಎದ್ದು ಬರುತ್ತದೆ.

ರೆಕಾರ್ಡರ್ ಎದ್ದು ಬಂತು. ಒಂದನ್ನು ಕೇಳಿದ. ಸರಕ್... ಸರಕ್... ಚಾಪೆಯ ಮೇಲೆ ತೆವಳುವ ಸದ್ದು. ಬಾಗಿಲು ಬಡಿಯುವುದು... ಟಕ ಟಕ... "ಬಸೂ, ಬಾಗಲಾ ತಗಿಯೋ. ಒಂದ ತಂಬಿಗಿ ನೀರ ಕೊಡೋ, ಯಪ್ಪಾ..."

ಹಾಸಿಗೆ ಒದ್ದೆ ಮಾಡುತ್ತಾಳೆಂದು ಹೆತ್ತವಳಿಗೆ ನೀರು ಬಂದ್ ಮಾಡಿ ಕೂಡಿಹಾಕಿದ್ದ, ಹೊಲಸು ನನ್ನ ಮಗ! ಸಂಗು ಅದನ್ನು ಕೇಳಿದ. ಕೇಳಿಯೂ ಎಲ್ಲವನ್ನೂ ಅಳಿಸಿದ. ಇವನೇನು ಕಡಿಮೆ?

ಅಲ್ಲಿಂದ ಹೊರಟು ಬಾವಿ ಹತ್ತಿರ ಬಂದಾಗ ಜೇಬು ಬೆಳಗಿತು. ಅವನದೇ ಫೋನು... ರೆಕಾರ್ಡರ್ ತಾನಾಗಿ ತೆರೆದಿತ್ತು. ಮುಚ್ಚಿದ. ತೆರೆಯಿತು. ಆ್ಯಪನ್ನೇ ಕಿತ್ತುಹಾಕಿದ. ಮತ್ತೆ ಎದ್ದು ಬಂತು. ಸರಕ್... ಸರಕ್... ಸದ್ದು ಫೋನಿನಿಂದಲ್ಲ, ಹಿಂದಿನ ಮಣ್ಣುದಾರಿಯಿಂದ. ವಿಭೂತಿಯ ವಾಸನೆ... ಉಚ್ಚೆಯ ವಾಸನೆ. ಆಮೇಲೆ ಕಿವಿಯ ಹತ್ತಿರವೇ, ಒಣಗಿದ ಗಂಟಲು...

"ಯಪ್ಪಾ... ನೀರ..."

ಸಂಗು ಚೀರಿ ಫೋನನ್ನು ಬಾವಿಗೆ ಒಗೆದ. ಬುಳುಂಕ್. ಆಮೇಲೆ ಏನೂ ಇಲ್ಲ. ಕಪ್ಪೆಗಳೂ ಸುಮ್ಮನಾದವು.

ಬೆಳಗ್ಗೆ ಹೆಣ ಹೂಳುವ ಕುಣಿ ತೋಡಿ ಮುಗಿದಿತ್ತು. ರಾಜಶ್ರೀ ಬಂದವಳು ಗುಂಪಿನಲ್ಲಿದ್ದ ಸಂಗುವಿನ ಮುಂದೆ ನಿಂತಳು.

"ರಾತ್ರಿ ಯಾಕ ಫೋನ್ ಮಾಡಿದ್ರಿ, ಸಂಗಣ್ಣಾ?"

"ನಾನಾ? ಇಲ್ಲವ್ವಾ..."

"ನಿಮ್ಮ ನಂಬರ್ರೀ. ಮಾತ ಇಲ್ಲ. ಬರೇ ನೀರ ಕುಡಿಯೂ ಸಪ್ಪಳ. ಗುಟುಕ್... ಗುಟುಕ್... ಉಸರ ತಗೊಳ್ಳೂದು, ಮತ್ತ ಕುಡಿಯೂದು. ಬೆಳಕ ಹರಿಯೂತನಾ." ದನಿ ಇಳಿಸಿದಳು. "ಅಷ್ಟ ನೀರಡಿಸಿದಾವ್ರು ಯಾರ್ ಇದ್ರು ಅಲ್ಲಿ?"

ಸಂಗು ಊರ ಮುಂದೆ ಎಲ್ಲ ಹೇಳಿಬಿಟ್ಟ. ಬಸವಂತರಾಯನ ಮುಖ ನೋಡಲೂ ಅಸಹ್ಯವಾಯಿತು ಎಲ್ಲರಿಗೆ. ರಾಜಶ್ರೀ ಅಣ್ಣನಿಗೆ ಹೆಣ ಮುಟ್ಟಗೊಡಲಿಲ್ಲ. ತಾನೇ ಸೆರಗಿನಿಂದ ಅವ್ವನ ಮುಖ ಒರೆಸಿದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಮಾತ್ರ ಪಕ್ಕದಲ್ಲೇ ನಿಂತಿದ್ದೆ. ಕಸ್ತೂರೆವ್ವನ ತುಟಿಯ ಮೂಲೆಯಿಂದ ನೀರು ಇಳಿಯಿತು. ಅದರಲ್ಲಿ ಒಂದೆಳೆ ಹಸಿರು ಪಾಚಿ ಇತ್ತು.