ಕಾಲರಿನ ಅರಿಶಿನ

ಕೆಲಮಂಗಲದ ನಿಲ್ದಾಣದಲ್ಲಿ ಡೆಂಕಣಿಕೋಟೆ ಬಸ್ಸಿಗೆ ಕಾಯುತ್ತ ರಾಧಮ್ಮ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅಜ್ಜಿ ಮೊಮ್ಮಗನ ಜಗಳ ಏರಿತು. ಸ್ತೋತ್ರ ಅರ್ಧಕ್ಕೇ ನಿಂತಿತು. ಹುಡುಗ ತನ್ನ ಬಿಳಿ ಲಿನನ್ ಶರ್ಟಿನ ಕಾಲರನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ಬೆರಳ ಸಂದಿಯಲ್ಲಿ ಕೆಂಪು ಕಲೆ ಇಣುಕುತ್ತಿತ್ತು.

“ಇವತ್ತು ಕಾಲೇಜ್ ಡೇ ಅಜ್ಜಿ. ಸ್ಟೇಜ್ ಮೇಲೆ ನಾನೇ ಮಾತಾಡ್ಬೇಕು. ಹೊಸ ಶರ್ಟಿಗೆ ಯಾಕ್ ಅರಿಶಿನ ಹಚ್ದೆ?”

“ಅರಿಶಿನ ಇಕ್ದೆ ಹೊಸ ಬಟ್ಟೆ ಯಾರ್ಲಾ ಹಾಕ್ತಾರೆ? ನಾನ್ ಇಕ್ಕಿದ್ದು ಹಳದಿ ಚುಕ್ಕಿ. ಕೆಂಪ್ ಮಾಡ್ದೋನು ನೀನು.”

“ಸೋಪ್ ಹಾಕಿ ಉಜ್ಜಿದ್ರೆ ಹೋಗ್ತದೆ ಅಂದ್ಕೊಂಡೆ.”

“ಅರಿಶಿನಕ್ಕೆ ಸೋಪ್ ತಾಕಿದ್ರೆ ಕೆಂಪಾಗ್ದೆ ಇನ್ನೇನಾಗ್ತದೆ? ಬಿಸಿಲಿಗೆ ಹಾಕಿದ್ರೆ ತಾನೇ ಹೋಗ್ತಿತ್ತು. ಗಂಟೆಗಟ್ಲೆ ಇಸ್ತ್ರಿ ಮಾಡ್ತೀಯ, ಒಗೆಯಾಕ್ ಬರಾಕಿಲ್ಲ!”

“ಎಲ್ರೂ ನಗ್ತಾರೆ.”

“ನಗಾಕಿಲ್ಲ ಕಣ್ಲಾ ಹರಿ. ಯಾವಳೋ ತುಟಿಗ್ ಬಣ್ಣ ಬಳ್ಕೊಂಡು ಮುತ್ತಿಕ್ಕವ್ಳೆ ಅಂತಾರೆ.”

ರಾಧಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗ ಅಜ್ಜಿಯತ್ತ ತಿರುಗಿದ.

“ನಿಜ್ವಾಗ್ಲೂ ಹಂಗ್ ಅಂತಾರಾ ಅಜ್ಜಿ?”

ಅಷ್ಟರಲ್ಲಿ ಹೊಸೂರು ಬಸ್ಸು ಬಂತು. ಹರಿ ಅಜ್ಜಿಯನ್ನು ಮೊದಲು ಹತ್ತಿಸಿದ. ಆಮೇಲೆ ತಾನೂ ಹತ್ತಿ, ಕಾಲರಿನ ಮೇಲಿದ್ದ ಕೈ ತೆಗೆದು, ಕಲೆ ಚೆನ್ನಾಗಿ ಕಾಣುವಂತೆ ಕಾಲರನ್ನು ಮಡಿಸಿಕೊಂಡು, ಕಾಲೇಜು ಹುಡುಗಿಯರು ಕೂತಿದ್ದ ಕಡೆಗೇ ನಡೆದ.